ಗೆಕ್ಕೊ ಗೂಡಿಗೆ ತೇವದ ಹಾಸು: ಯಾವುದು, ಎಷ್ಟು, ಹೇಗೆ

ಲೆಪರ್ಡ್ ಗೆಕ್ಕೊ ಒಣನೆಲದ ಹಲ್ಲಿ. ಆದರೆ ಅದು ಹಗಲು ಕಳೆಯುವ ಬಿಲ, ಬಂಡೆ ಸಂದುಗಳ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ. ಟ್ಯಾಂಕಿನಲ್ಲಿ ಆ ಬಿಲದ ಕೆಲಸವನ್ನು ತೇವದ ಗೂಡು, ಅಂದರೆ ಒಳಗೆ ತೇವದ ಹಾಸು ಹಾಕಿದ ಮುಚ್ಚಿದ ಡಬ್ಬಿ, ಮಾಡಬೇಕು. ಅದಿಲ್ಲದಿದ್ದರೆ ಪೊರೆ ಪೂರ್ತಿ ಕಳಚದೆ ಬೆರಳು, ಬಾಲದ ತುದಿ, ಕಣ್ಣಿನ ಸುತ್ತ ಉಳಿದುಬಿಡುತ್ತದೆ. ಉಳಿದ ಪೊರೆ ಒಣಗುತ್ತಾ ಬೆರಳಿಗೆ ದಾರದಂತೆ ಬಿಗಿದುಕೊಂಡು ರಕ್ತ ಹರಿಯದಂತೆ ಮಾಡುತ್ತದೆ. ಸಾಕಿದ ಗೆಕ್ಕೊಗಳ ಬೆರಳು ಉದುರುವುದಕ್ಕೆ ಸಾಮಾನ್ಯ ಕಾರಣ ಇದೇ.

ಟ್ಯಾಂಕಿನ ಒಟ್ಟು ತೇವಾಂಶ ಶೇ. 30–40 ಸಾಕು, ಗೂಡಿನೊಳಗೆ ಶೇ. 70–80 ಬೇಕು. ಹಾಸು ನೀರನ್ನು ಹಿಡಿದಿಟ್ಟು ನಿಧಾನವಾಗಿ ಆವಿ ಬಿಡಬೇಕು. ಮುಟ್ಟಿದರೆ ತಣ್ಣಗಿರಲಿ, ಕೈ ಒದ್ದೆಯಾಗದಿರಲಿ.

ಆರೋಗ್ಯವಾಗಿರುವ ಗೆಕ್ಕೊಗೆ ಮೊದಲ ಆಯ್ಕೆ ಉದ್ದ ಎಳೆಯ ಒಣ ಸ್ಫ್ಯಾಗ್ನಮ್ ಮಾಸ್ (ಜೌಗುನೆಲದಲ್ಲಿ ಬೆಳೆಯುವ ಒಂದು ಬಗೆಯ ಪಾಚಿ). ತನ್ನ ತೂಕದ ಹತ್ತಾರು ಪಟ್ಟು ನೀರು ಹೀರುತ್ತದೆ, ಸ್ವಲ್ಪ ಆಮ್ಲೀಯ ಗುಣವಿರುವುದರಿಂದ ಬೇಗ ಕೊಳೆಯುವುದಿಲ್ಲ. ಬರೀ ನೀರಿನಲ್ಲಿ 15–20 ನಿಮಿಷ ನೆನೆಸಿ, ಹನಿ ಬೀಳುವುದು ನಿಲ್ಲುವವರೆಗೆ ಮುಷ್ಟಿಯಲ್ಲಿ ಹಿಂಡಿ, ಮತ್ತೆ ಎಳೆ ಎಳೆಯಾಗಿ ಬಿಡಿಸಿ 3–5 ಸೆಂ.ಮೀ. ದಪ್ಪಕ್ಕೆ ಹರಡಿ. ಒತ್ತಿ ತುಂಬಬೇಡಿ, ಗಾಳಿಯಾಡದ ಕಡೆಯೇ ಬೂಸ್ಟು ಹಿಡಿಯುವುದು. ಅಲಂಕಾರಕ್ಕೆಂದು ಮಾರುವ ಕಡುಹಸಿರು ಮಾಸ್‌ಗೆ ಬಣ್ಣ ಹಾಕಿರುತ್ತಾರೆ, ಗೊಬ್ಬರ ಬೆರೆಸಿದ್ದೂ ಸಿಗುತ್ತದೆ, ಎರಡೂ ಬೇಡ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಈ ಮಾಸ್‌ನಲ್ಲಿರಬಹುದಾದ ಸ್ಪೊರೊಥ್ರಿಕ್ಸ್ ಎಂಬ ಶಿಲೀಂಧ್ರ ಗಾಯದ ಮೂಲಕ ಚರ್ಮಕ್ಕೆ ಸೇರಿಕೊಳ್ಳುತ್ತದೆ.

ಮೊಟ್ಟೆ ಇಡಲಿರುವ ಹೆಣ್ಣಿಗೆ ಮಾತ್ರ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇನ್ನೂ ಒಳ್ಳೆಯದು. ಅದಕ್ಕೆ ಅಗೆಯಲು ಜಾಗ ಬೇಕು, 6–8 ಸೆಂ.ಮೀ. ಆಳ ಕೊಡಿ. ಇಟ್ಟಿಗೆಯಾಗಿ ಬರುವುದನ್ನು ನೀರಿನಲ್ಲಿ ಅರಳಿಸಿ, ಉಪ್ಪಿನಂಶ ಹೋಗಲು ಒಂದೆರಡು ಬಾರಿ ತೊಳೆದು ಹಿಂಡಿ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ನೀರು ಇಳಿಯಬಾರದು. ಒಣಗಲು ಬಿಟ್ಟರೆ ಧೂಳಾಗಿ ಕಣ್ಣು, ಮೂಗಿಗೆ ಹೋಗುತ್ತದೆ. ಯಾವ ಹಾಸಿದ್ದರೂ ಗೂಡಿನೊಳಗೆ ಹುಳ ತಿನ್ನಿಸಬೇಡಿ, ಅದರ ಜೊತೆ ಹಾಸೂ ಹೊಟ್ಟೆ ಸೇರುತ್ತದೆ.

ಮರಿ, ಕಾಯಿಲೆಯದು, ಹೊಸದಾಗಿ ತಂದದ್ದು: ಇವಕ್ಕೆ ಬಣ್ಣ, ವಾಸನೆ ಇಲ್ಲದ ಪೇಪರ್ ಟವೆಲ್ ಸಾಕು. ಮೂರು ಪದರ ಮಡಿಸಿ ಒದ್ದೆ ಮಾಡಿ ಹಿಂಡಿ ಹಾಕಿ. ಮಲ ಹೇಗಿದೆ ಎಂಬುದು ತಕ್ಷಣ ಕಾಣುತ್ತದೆ. ಒಂದೇ ದಿನದಲ್ಲಿ ಒಣಗುವುದರಿಂದ ದಿನವೂ ಬದಲಿಸಲೇಬೇಕು, ಸೋಮಾರಿಗಳಿಗೆ ಹೇಳಿದ್ದಲ್ಲ.

ದೇವದಾರು, ಪೈನ್ ಹೊಟ್ಟು ಬೇಡ, ಅವುಗಳ ಎಣ್ಣೆ ಶ್ವಾಸಕೋಶಕ್ಕೆ ಹಾನಿ. ಕೀಟನಾಶಕ ಬಿದ್ದಿರಬಹುದಾದ ತೋಟದ ಮಣ್ಣೂ ಬೇಡ. ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಹರಳು ಮೊಟ್ಟೆ ಮರಿಯಾಗಿಸಲು ಸರಿ, ಪ್ರಾಣಿ ಓಡಾಡುವಲ್ಲಿ ಅಲ್ಲ. ಸ್ಪಾಂಜ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ.

ಹಾಸು ಸರಿಯಿದ್ದೂ ಗೂಡು ಕೆಡುವುದು ಹೆಚ್ಚಾಗಿ ಜಾಗದಿಂದ. ತಂಪಿನ ತುದಿಯಲ್ಲಿಟ್ಟರೆ ಆವಿ ಏಳದೆ ಹಾಸು ತಣ್ಣಗೆ ಒದ್ದೆಯಾಗಿ ಕೂತು ಬೂಸ್ಟು ಹಿಡಿಯುತ್ತದೆ. ಹೀಟ್ ಮ್ಯಾಟಿನ (ಟ್ಯಾಂಕಿನ ಅಡಿಗೆ ಹಾಕುವ, ವಿದ್ಯುತ್ತಿನಿಂದ ಬಿಸಿಯಾಗುವ ಹಾಳೆ) ನೇರ ಮೇಲಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಒಣಗಬಹುದು. ನಡುಭಾಗದಿಂದ ಬೆಚ್ಚನೆಯ ಕಡೆಗೆ ಸ್ವಲ್ಪ ಸರಿಸಿ, ಥರ್ಮೋಸ್ಟಾಟ್ ಇಟ್ಟು ಗೂಡಿನ ನೆಲ 28–30 ಡಿಗ್ರಿ ಸೆಲ್ಸಿಯಸ್ ಇರುವಂತೆ ನೋಡಿಕೊಳ್ಳಿ. ಗೆಕ್ಕೊ ಒಳಗೆ ತಿರುಗಿಕೊಳ್ಳುವಷ್ಟು ದೊಡ್ಡ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೇ ಸಾಕು. ಬದಿಯಲ್ಲಿ, ಹಾಸಿಗಿಂತ ಮೇಲೆ, 5 ಸೆಂ.ಮೀ. ಅಗಲದ ತೂತು ಕೊರೆದು ಅಂಚನ್ನು ಉಜ್ಜಿ ನುಣುಪು ಮಾಡಿ. ಟ್ಯಾಂಕಿನ ಗಾಜಿನ ಮೇಲೆ ಹನಿ ಕಟ್ಟಿದರೆ ಹಾಸಿನಲ್ಲಿ ನೀರು ಹೆಚ್ಚಾಗಿದೆ ಅಥವಾ ಟ್ಯಾಂಕಿಗೆ ಗಾಳಿ ಸಾಲುತ್ತಿಲ್ಲ.

ಎರಡು ದಿನಕ್ಕೊಮ್ಮೆ ಹಾಸು ಮುಟ್ಟಿ ನೋಡಿ, ಒಣಗಿದ್ದರೆ ನೀರು ಸಿಂಪಡಿಸಿ. ಮೈ ಬಣ್ಣ ಮಸುಕಾಗಿ ಬಿಳಿಚಿದರೆ ಪೊರೆ ಬಿಡುವ ಕಾಲ ಬಂದಿದೆ. ಆಗ ದಿನವೂ ನೋಡಬೇಕು. ಮಲ ಕಂಡ ದಿನವೇ ಆ ಭಾಗ ತೆಗೆಯಿರಿ. ಮಾಸ್ ಪೂರ್ತಿ ಬದಲಾಯಿಸುವುದು 2–4 ವಾರಕ್ಕೊಮ್ಮೆ, ಹುಳಿ ವಾಸನೆ ಬಂದರೆ ಅದಕ್ಕೂ ಮೊದಲೇ.

ಇನ್ನೊಂದು ಜಾತಿಯಾದ ಕ್ರೆಸ್ಟೆಡ್ ಗೆಕ್ಕೊಗೆ ಇಡೀ ಟ್ಯಾಂಕೇ ತೇವವಾಗಿರಬೇಕು, ಅದಕ್ಕೆ ಈ ಬಗೆಯ ಗೂಡಿನ ಅಗತ್ಯವಿಲ್ಲ.