ಜನಪ್ರಿಯ ಶೈಲಿಯ ಪಿಯಾನೊ ಕೃತಿ: ಆರಿಸುವ ಮುನ್ನ ಎಡಗೈ ನುಡಿಸಿ ನೋಡಿ

ಜಾಝ್, ಬ್ಲೂಸ್, ರಾಕ್, ಪಾಪ್ ಶೈಲಿಗಳಲ್ಲಿ ವಿದ್ಯಾರ್ಥಿಗಳಿಗೆಂದೇ ಬರೆದ ಕೃತಿಗಳನ್ನು ಆರಿಸುವಾಗ ಶಿಕ್ಷಕರು ಹೆಚ್ಚಾಗಿ ಬಲಗೈಯ ರಾಗಕ್ಕೆ ಮನಸೋಲುತ್ತಾರೆ. ಆದರೆ ಕೃತಿಯ ಗಟ್ಟಿತನ ತಿಳಿಯುವುದು ಎಡಗೈಯಲ್ಲಿ.

ಆದ್ದರಿಂದ ಮೊದಲು ಎಡಗೈಯ ಭಾಗವನ್ನಷ್ಟೇ ಕೊನೆಯವರೆಗೂ ನುಡಿಸಿ. ಸಿ ಕಾರ್ಡಿನಿಂದ (ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಫ್ ಕಾರ್ಡಿಗೆ ಹೋಗುವ ಜಾಗವನ್ನು ಗಮನಿಸಿ: ಸಿ-ಇ-ಜಿ ಹಿಡಿದ ಕೈ ಅದೇ ಆಕಾರದಲ್ಲಿ ಜಿಗಿದು ಎಫ್-ಎ-ಸಿ ಮೇಲೆ ಕೂತರೆ ವಿದ್ಯಾರ್ಥಿ ಕಲಿಯುವುದು ಜಿಗಿತವನ್ನು ಮಾತ್ರ. ಅದರ ಬದಲು ಕಿರುಬೆರಳು ಸಿ ಮೇಲೆಯೇ ಉಳಿದು, ಮೇಲಿನ ಎರಡು ಸ್ವರಗಳು ಒಂದೊಂದು ಹೆಜ್ಜೆ ಏರಿ ಎಫ್ ಮತ್ತು ಎ ಆದರೆ, ಒಂದು ಕಾರ್ಡ್ ಇನ್ನೊಂದರೊಳಕ್ಕೆ ಹೇಗೆ ಸರಿಯುತ್ತದೆಂಬುದು ಬೆರಳಿಗೇ ತಿಳಿಯುತ್ತದೆ. ಮಧ್ಯ ಸಿಯಿಂದ (ಕೀಲಿಮಣೆಯ ನಡುವಿನ ಸಿ) ಎರಡು ಆಕ್ಟೇವ್ (ಒಂದು ಸ್ವರದಿಂದ ಅದೇ ಹೆಸರಿನ ಮುಂದಿನ ಸ್ವರದವರೆಗಿನ ಅಂತರ) ಕೆಳಗೆ ಮೂರು ಸ್ವರಗಳನ್ನು ಒತ್ತೊತ್ತಾಗಿ ಬರೆದಿದ್ದರೆ ನಾದ ಕಲಸಿಹೋಗುತ್ತದೆ. ಅಲ್ಲಿ ವಿದ್ಯಾರ್ಥಿ ಎಷ್ಟು ಅಭ್ಯಾಸ ಮಾಡಿದರೂ ಪ್ರಯೋಜನವಿಲ್ಲ. ಕಾರ್ಡುಗಳ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಮಾತ್ರ ಕೃತಿಯನ್ನು ತಳ್ಳಿಹಾಕಬೇಡಿ. 12 ಬಾರ್‌ಗಳ (ತಾಳದ ಆವರ್ತಗಳ) ಬ್ಲೂಸ್ ನಿಂತಿರುವುದೇ ಮೂರು ಕಾರ್ಡುಗಳ ಮೇಲೆ.

ಬಳಿಕ ಲಯವನ್ನು ಚಪ್ಪಾಳೆಯಲ್ಲಿ ಪರೀಕ್ಷಿಸಿ. ಸ್ವಿಂಗ್ ಶೈಲಿಯಲ್ಲಿ ಸಮವಾಗಿ ಬರೆದ ಜೋಡಿ ಸ್ವರಗಳಲ್ಲಿ ಮೊದಲನೆಯದನ್ನು ಉದ್ದವಾಗಿ, ಎರಡನೆಯದನ್ನು ಗಿಡ್ಡವಾಗಿ ನುಡಿಸಬೇಕಾಗುವುದರಿಂದ, ಆ ಸೂಚನೆಯನ್ನು ಕೃತಿಯ ಆರಂಭದಲ್ಲೇ ಕೊಟ್ಟಿರಬೇಕು. ಪ್ರತಿ ಬಾರ್‌ನಲ್ಲೂ ಒಂದೇ ಜಾಗದಲ್ಲಿ ಬರುವ ಸಿಂಕೊಪೇಶನ್ (ನಿರೀಕ್ಷಿತ ತಾಳದೆಟ್ಟಿನ ಬದಲು ಬೇರೆಡೆ ಬೀಳುವ ಒತ್ತು) ಎರಡನೇ ಸಾಲಿನ ಹೊತ್ತಿಗೆ ಸಪ್ಪೆಯಾಗುತ್ತದೆ.

ಹಾಡುಗಳನ್ನು ಪಿಯಾನೊಗೆ ಅಳವಡಿಸಿದ ಕೃತಿಗಳಲ್ಲಿ ಇನ್ನೊಂದು ತೊಡಕಿದೆ. ಗಾಯಕರು ಒಂದೇ ಸ್ವರದಲ್ಲಿ ಆರು ಅಕ್ಷರಗಳನ್ನು ಹೇಳಿದರೆ ಪದಗಳ ಬಲದಿಂದ ಅದು ಜೀವಂತವಾಗಿರುತ್ತದೆ. ಅದನ್ನೇ ಯಥಾವತ್ತಾಗಿ ಸ್ವರಲಿಪಿಗೆ ಇಳಿಸಿದಾಗ ಪಿಯಾನೊದಲ್ಲಿ ಒಂದೇ ಕೀಲಿಯನ್ನು ಆರು ಸಲ ಕುಟ್ಟಿದಂತೆ ಕೇಳುತ್ತದೆ. ಗಾಯಕರು ಹಿಡಿದ ಸ್ವರವನ್ನು ಉಬ್ಬಿಸಬಲ್ಲರು, ಆದರೆ ಪಿಯಾನೊದ ಸ್ವರ ಒತ್ತಿದ ಕ್ಷಣದಿಂದಲೇ ಕುಗ್ಗತೊಡಗುತ್ತದೆ. ಅಂಥ ದೀರ್ಘ ಸ್ವರದ ಕೆಳಗೆ ಒಳದನಿಯೊಂದನ್ನು (ರಾಗಕ್ಕೂ ಕೆಳಸ್ವರಕ್ಕೂ ನಡುವೆ ಸಾಗುವ ಇನ್ನೊಂದು ಸ್ವರಸಾಲು) ನಡೆಸಿ ಅಂತರವನ್ನು ತುಂಬಿದ ಅಳವಡಿಕೆಗಾರರನ್ನು ಕಂಡರೆ ಅವರ ಉಳಿದ ಕೃತಿಗಳನ್ನೂ ಹುಡುಕಿ ನೋಡಬಹುದು.

ಕೈಯಳತೆಯನ್ನು ಮರೆಯಬೇಡಿ. ಆಕ್ಟೇವ್ ಎಂದರೆ ಸುಮಾರು 16.5 ಸೆಂಟಿಮೀಟರ್, ಎಳೆಯ ಕೈಗೆ ಅದು ಎಟುಕುವುದಿಲ್ಲ.

ಕೊನೆಗೆ ಪೆಡಲ್ ಮುಟ್ಟದೆ, ಅರ್ಧ ವೇಗದಲ್ಲಿ ಇಡೀ ಕೃತಿಯನ್ನು ಒಮ್ಮೆ ನುಡಿಸಿ. ಆಗಲೂ ಒಂದೆರಡು ಕಡೆ ಕಿವಿ ನಿಮಿರಿದರೆ ಕೃತಿಯನ್ನು ವಿದ್ಯಾರ್ಥಿಯ ಮುಂದಿಡಿ.