ಪ್ಯೂಜೆಟ್ ಸೌಂಡ್‌ನ ಕಡಲ ಧರೆಗಳ ಮೇಲಿನ ಕಾಡನ್ನು ಗುರುತಿಸುವ ಬಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಿತ್ಯಹಸಿರಿನ ಡಗ್ಲಸ್ ಫರ್, ಹೆಮ್‌ಲಾಕ್ ಮತ್ತು ಸೀಡರ್ ಮರಗಳದ್ದೇ ಮೇಲುಗೈ. ಆದರೆ ಪ್ಯೂಜೆಟ್ ಸೌಂಡ್ ಎಂಬ ಒಳಗಡಲಿನ ಅಂಚಿನಲ್ಲಿ, ಕಡಿದಾದ ಮಣ್ಣಿನ ಧರೆಗಳು ನೀರಿಗೆ ಇಳಿಯುವ ಕಡೆಗಳಲ್ಲಿ, ಚಳಿಗಾಲಕ್ಕೆ ಎಲೆ ಉದುರಿಸಿ ಬರಿದಾಗುವ ರೆಡ್ ಆಲ್ಡರ್ ಮತ್ತು ಬಿಗ್‌ಲೀಫ್ ಮೇಪಲ್ ಮರಗಳ ಕಾಡು ಪಟ್ಟಿಪಟ್ಟಿಯಾಗಿ ಬೆಳೆದಿರುತ್ತದೆ. ಇಲ್ಲಿ ಎಲೆ ಉದುರುವ ಕಾಡು ಉಳಿದುಕೊಂಡಿರುವುದಕ್ಕೆ ಮುಖ್ಯ ಕಾರಣ ಧರೆ ಮತ್ತೆ ಮತ್ತೆ ಕುಸಿಯುವುದು. ಆದ್ದರಿಂದ ಈ ಕಾಡನ್ನು ಗಿಡಗಳ ಹೆಸರಿನ ಪಟ್ಟಿಯಾಗಿ ನೋಡದೆ, ಇಳಿಜಾರು ಎಲ್ಲಿ, ಯಾವಾಗ ಜಾರಿತು ಎಂಬುದರ ದಾಖಲೆಯಾಗಿ ನೋಡುವುದನ್ನು ಕಲಿಯಬೇಕು. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಇದು ಮನೆಯ ಹತ್ತಿರವೇ ಸಿಗುವ ಪಾಠ.

ಮೊದಲು ಮಣ್ಣಿನ ಪದರಗಳನ್ನು ತಿಳಿದುಕೊಳ್ಳಬೇಕು. ಸುಮಾರು 17,000 ವರ್ಷಗಳ ಹಿಂದೆ ಉತ್ತರದಿಂದ ಇಳಿದು ಬಂದ ಹಿಮದ ಹಾಳೆ ಇಂದಿನ ಸಿಯಾಟಲ್ ಇರುವ ಜಾಗದ ಮೇಲೆ ಸುಮಾರು 900 ಮೀಟರ್ ದಪ್ಪಕ್ಕೆ ಹರಡಿಕೊಂಡಿತ್ತು. ಹಿಮ ಬರುವ ಮುನ್ನ ಅಲ್ಲಿದ್ದ ಸರೋವರದ ತಳದಲ್ಲಿ ಸಂಗ್ರಹವಾದ ಲಾಟನ್ ಜೇಡಿ ಕೆಳಗಿದೆ. ಹಿಮದ ಮುಂಭಾಗದಿಂದ ಕರಗಿ ಹರಿದ ಹೊಳೆಗಳು ತಂದು ಸುರಿದ ಎಸ್ಪರೆನ್ಸ್ ಮರಳು ಅದರ ಮೇಲಿದೆ. ಹಿಮವೇ ತುಳಿದು ಗಟ್ಟಿಮಾಡಿದ ಕಲ್ಲುಮಣ್ಣಿನ ಪದರ ಎಲ್ಲಕ್ಕಿಂತ ಮೇಲಿದೆ. ಮಳೆನೀರು ಮರಳಿನಲ್ಲಿ ಸಲೀಸಾಗಿ ಇಳಿದು, ಜೇಡಿಯನ್ನು ದಾಟಲಾಗದೆ ಅಲ್ಲಿಯೇ ತುಂಬಿ ನಿಂತು, ಕೊನೆಗೆ ಧರೆಯ ಮುಖದಲ್ಲಿ ಜಲವಾಗಿ ಏಳುತ್ತದೆ. ಹೆಚ್ಚಿನ ಕುಸಿತಗಳು ಹುಟ್ಟುವುದು ಮರಳು ಮತ್ತು ಜೇಡಿ ಸೇರುವ ಈ ಗೆರೆಯ ಆಸುಪಾಸಿನಲ್ಲಿ. ಸಿಯಾಟಲ್‌ನ ಡಿಸ್ಕವರಿ ಪಾರ್ಕ್‌ನ ದಕ್ಷಿಣದ ಧರೆಯಲ್ಲಿ ಈ ಪದರಗಳನ್ನು ಕಣ್ಣಾರೆ ನೋಡಬಹುದು. ಮೊದಲ ಸಲ ಹೋಗುವವರು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಕಾಂಡಗಳ ಆಕಾರ ಮತ್ತು ಕೆಳಹಂತದ ಗಿಡಗಳು ಎರಡೂ ಒಟ್ಟಿಗೆ ಕಾಣುವುದು ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಆರಂಭದಲ್ಲಿ. ಆಗ ಮರಗಳ ಮೇಲೆ ಎಲೆ ತುಂಬಿರುವುದಿಲ್ಲ, ಕೆಳಗೆ ಮಾತ್ರ ಚಿಗುರು ಎದ್ದಿರುತ್ತದೆ. ಆದರೆ ಅದು ಮಣ್ಣು ನೀರುಂಡು ಭಾರವಾಗಿರುವ ಕಾಲವೂ ಹೌದು. 1997ರ ಜನವರಿಯಲ್ಲಿ ಸಿಯಾಟಲ್‌ನ ಉತ್ತರಕ್ಕಿರುವ ವುಡ್‌ವೇಯಲ್ಲಿ ಕುಸಿದ ಧರೆಯು ಕೆಳಗೆ ಸಾಗುತ್ತಿದ್ದ ಸರಕು ರೈಲಿನ ಬೋಗಿಗಳನ್ನು ಕಡಲಿಗೆ ತಳ್ಳಿತು. ಜೋರು ಮಳೆಯ ಮರುದಿನ ಧರೆಯ ಬುಡಕ್ಕೆ ಹೋಗಲೇಬಾರದು; ಕೆಲವು ದಿನ ಒಣಹವೆ ಇದ್ದ ಮೇಲೆ, ಸಾರ್ವಜನಿಕ ಉದ್ಯಾನದ ಕಾಲುದಾರಿಯಲ್ಲೇ ನಿಂತು ನೋಡಬೇಕು. ತೀರದಿಂದ ನೋಡುವುದಾದರೆ ಉಬ್ಬರವಿಳಿತದ ವೇಳಾಪಟ್ಟಿ ನೋಡಿಯೇ ಹೊರಡಬೇಕು. ಇಲ್ಲಿ ನೀರಿನ ಏರಿಳಿತ ಮೂರು ಮೀಟರನ್ನೂ ಮೀರುತ್ತದೆ, ಏರಿದ ನೀರು ಹಿಂದಿರುಗುವ ದಾರಿಯನ್ನು ಮುಚ್ಚಿಬಿಡುತ್ತದೆ.

ಗುರುತಿಸುವ ಕೆಲಸವನ್ನು ಎರಡು ಮರಗಳಿಂದ ಶುರುಮಾಡಿ. ಆಲ್ಡರ್‌ನ ತೊಗಟೆ ನುಣುಪು ಬೂದಿಬಣ್ಣದ್ದು, ಮೇಲೆ ಬಿಳಿ ಕಲ್ಲುಹೂವಿನ ತೇಪೆಗಳು. ಕೊಂಬೆಯ ತುದಿಯಲ್ಲಿ ಹಿಂದಿನ ವರ್ಷದ ಪುಟ್ಟ ಮರಗಾಯಿಗಳು ಗೊಂಚಲಾಗಿ ಉಳಿದಿರುತ್ತವೆ. ಎಲೆ ಸಿಕ್ಕಿದರೆ ಅದರ ಅಂಚಿನ ಮೇಲೆ ಬೆರಳಾಡಿಸಿ: ಹಲ್ಲುಹಲ್ಲಾದ ಅಂಚು ಸಣ್ಣಗೆ ಕೆಳಮುಖವಾಗಿ ಮಡಿಚಿಕೊಂಡಿರುತ್ತದೆ. ಬಿಗ್‌ಲೀಫ್ ಮೇಪಲ್‌ನ ಐದು ಸೀಳಿನ ಎಲೆ ಮೂವತ್ತು ಸೆಂಟಿಮೀಟರ್ ಅಗಲಕ್ಕೂ ಬೆಳೆಯುತ್ತದೆ, ತೊಟ್ಟು ಮುರಿದರೆ ಹಾಲು ಒಸರುತ್ತದೆ, ಕಾಂಡವೆಲ್ಲ ಹಾವಸೆಯಿಂದ ಮುಚ್ಚಿ ಅದರ ನಡುವೆ ಲಿಕರಿಸ್ ಜರಿಗಿಡ ಬೆಳೆದಿರುತ್ತದೆ. ಈ ಹಾವಸೆಯ ಮೆತ್ತೆಯೊಳಕ್ಕೆ ಮೇಪಲ್ ತನ್ನ ಕೊಂಬೆಗಳಿಂದಲೇ ಬೇರು ಬಿಡುತ್ತದೆ ಎಂಬುದು ನನಗೆ ಈ ಕಾಡಿನ ಅತ್ಯಂತ ಸೊಗಸಿನ ಸಂಗತಿಗಳಲ್ಲಿ ಒಂದು.

ಬಳಿಕ ನೆಲಕ್ಕೆ ಬನ್ನಿ. ಹಸಿಯಾಗಿದ್ದರೂ ನೀರು ನಿಲ್ಲದ ಮಣ್ಣಿನಲ್ಲಿ ಸ್ವೋರ್ಡ್ ಫರ್ನ್ ಎಂಬ ಜರಿಗಿಡ ದಟ್ಟವಾಗಿರುತ್ತದೆ. ಅದರ ಪ್ರತಿ ಕಿರುಎಲೆಯ ಬುಡದಲ್ಲಿ ಕತ್ತಿಯ ಹಿಡಿಯಂಥ ಒಂದು ಚಿಕ್ಕ ಏಣು ಇರುವುದರಿಂದ ತಪ್ಪುವ ಸಂಭವವೇ ಇಲ್ಲ. ನೀರು ಹೆಚ್ಚಿದಂತೆ ಸಾಮನ್‌ಬೆರಿಯ ಪೊದೆ ಅದರ ಜಾಗ ಹಿಡಿಯುತ್ತದೆ. ಮಾರ್ಚ್‌ನಲ್ಲಿ ಅದರ ಗಾಢ ಗುಲಾಬಿ ಹೂವುಗಳು ದೂರದಿಂದಲೇ ಕಾಣುತ್ತವೆ. ಜಲ ಎದ್ದಿರುವ ಕಡೆ ಜೈಂಟ್ ಹಾರ್ಸ್‌ಟೇಲ್, ಲೇಡಿ ಫರ್ನ್ ಮತ್ತು ಹಳದಿ ಹೂಹೊದಿಕೆಯ ಸ್ಕಂಕ್ ಕ್ಯಾಬೇಜ್ ಸೇರಿಕೊಳ್ಳುತ್ತವೆ. ಸಾರವತ್ತಾದ ಮಣ್ಣಿನಲ್ಲಿ ಸ್ಟಿಂಗಿಂಗ್ ನೆಟಲ್ ಕೂಡ ಇರುತ್ತದೆ, ನಮ್ಮ ತುರಚೆ ಗಿಡದಂತೆಯೇ ಚುಚ್ಚುತ್ತದೆ, ಆದ್ದರಿಂದ ತುಂಬುತೋಳಿನ ಅಂಗಿ ಇರಲಿ. ಹಾರ್ಸ್‌ಟೇಲ್ ಮೊದಲು ಕಾಣಿಸಿಕೊಳ್ಳುವ ಎತ್ತರವನ್ನು ಧರೆಯ ಉದ್ದಕ್ಕೂ ಕಣ್ಣಲ್ಲೇ ಗೆರೆಯೆಳೆದು ನೋಡಿ. ಬಹಳ ಕಡೆ ಅದು ಮರಳು ಮತ್ತು ಜೇಡಿ ಸೇರುವ ಮಟ್ಟಕ್ಕೇ ಹೊಂದಿಕೊಂಡಿರುತ್ತದೆ. ಮಣ್ಣು ಕಾಣದಷ್ಟು ಹಸಿರು ಮುಚ್ಚಿರುವ ಕಡೆಯೂ ಈ ಉಪಾಯದಿಂದ ಪದರಗಳನ್ನು ಊಹಿಸಬಹುದು.

ಮುಂದಿನದು ವಯಸ್ಸಿನ ಪ್ರಶ್ನೆ. ಆಲ್ಡರ್‌ನ ಹಗುರ ಬೀಜ ಗಾಳಿಯಲ್ಲಿ ತೇಲಿಬಂದು ಬತ್ತಲೆ ಮಣ್ಣಿನಲ್ಲಿ ಬೇಗ ಮೊಳೆಯುತ್ತದೆ. ಬೇರಿನ ಗಂಟುಗಳಲ್ಲಿರುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಸತ್ವವಿಲ್ಲದ ಜಾರುಮಣ್ಣಿನಲ್ಲೂ ಅದು ಬಲುಬೇಗ ಏರುತ್ತದೆ. ಹೀಗಾಗಿ ಒಂದೇ ಗಾತ್ರದ ಆಲ್ಡರ್‌ಗಳು ಮೇಲಿನಿಂದ ಕೆಳಕ್ಕೆ ಒಂದು ಪಟ್ಟಿಯಾಗಿ ನಿಂತಿದ್ದು, ಎರಡೂ ಪಕ್ಕಗಳಲ್ಲಿ ಹಳೆಯ ಮೇಪಲ್ ಅಥವಾ ಸೀಡರ್ ಇದ್ದರೆ, ಆ ಪಟ್ಟಿ ಒಮ್ಮೆ ಜಾರಿದ ಜಾಗವೆಂದು ಬಹುಮಟ್ಟಿಗೆ ಹೇಳಬಹುದು. ಬಹುಮಟ್ಟಿಗೆ ಎಂದದ್ದಕ್ಕೆ ಕಾರಣವಿದೆ: ಮರ ಕಡಿದ ಜಾಗದಲ್ಲೂ ಆಲ್ಡರ್ ಹೀಗೆಯೇ ಬರುತ್ತದೆ, ಹಾಗಾಗಿ ಗರಗಸದ ಗುರುತಿರುವ ಹಳೆಯ ಬೊಡ್ಡೆಗಳು ಇವೆಯೇ ಎಂದು ಮೊದಲು ಹುಡುಕಬೇಕು. ಆಲ್ಡರ್ ನೂರು ವರ್ಷ ಬಾಳುವುದು ಅಪರೂಪ. ಮುದಿ ಆಲ್ಡರ್‌ಗಳು ತುದಿಯೊಣಗಿ ಬೀಳತೊಡಗಿ, ಅವುಗಳ ಕೆಳಗೆ ಸೀಡರ್ ಸಸಿಗಳು ಎದ್ದಿದ್ದರೆ ಆ ಇಳಿಜಾರು ದಶಕಗಳಿಂದ ದೊಡ್ಡದಾಗಿ ಅಲುಗಾಡಿಲ್ಲ ಎಂದರ್ಥ. ಸಸಿಯೇ ಇಲ್ಲದಿದ್ದರೆ ಅವಸರದ ತೀರ್ಮಾನ ಬೇಡ, ದಟ್ಟ ಸಾಮನ್‌ಬೆರಿಯ ನೆರಳೂ ಅವನ್ನು ತಡೆಯುತ್ತದೆ.

ಕಾಂಡದ ಬಾಗನ್ನು ಎಚ್ಚರದಿಂದ ಓದಬೇಕು. ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರ ಎಳೆಯದಾಗಿದ್ದಾಗ ಮಣ್ಣು ಸರಿದಿರಬಹುದು. ಉದ್ದಕ್ಕೂ ಬಿಲ್ಲಿನಂತೆ ಬಾಗಿದ್ದರೆ ಮಣ್ಣು ಇನ್ನೂ ಮೆಲ್ಲಗೆ ಸರಿಯುತ್ತಿರಬಹುದು. ನೇರ ಕಾಂಡದ ದೊಡ್ಡ ಮರಗಳು ಒಂದೊಂದು ಒಂದೊಂದು ದಿಕ್ಕಿಗೆ ವಾಲಿದ್ದರೆ ಕುಸಿತ ತೀರ ಈಚಿನದು, ಅಲ್ಲಿ ನಿಲ್ಲದಿರುವುದೇ ಲೇಸು. ಬೆಳಕಿಗಾಗಿ ಕಡಲ ಕಡೆ ಚಾಚಿಕೊಂಡ ಮರಗಳೂ ಇರುವುದರಿಂದ ಒಂದೇ ಮರವನ್ನು ನಂಬಬಾರದು.

ಕಂಡದ್ದನ್ನು ದಾಖಲಿಸುವಾಗ ಮರ, ಪೊದೆ, ನೆಲ ಎಂದು ಹಂತಹಂತವಾಗಿ ಯಾವ ಗಿಡ ಎಷ್ಟು ಪಾಲು ಮುಚ್ಚಿದೆ ಎಂದು ಅಂದಾಜು ಮಾಡಿ, ಮುಖ್ಯವಾದವುಗಳ ಹೆಸರಿನಿಂದಲೇ ಸಮುದಾಯವನ್ನು ಕರೆಯಿರಿ: ಆಲ್ಡರ್ ಮತ್ತು ಸಾಮನ್‌ಬೆರಿ, ಮೇಪಲ್ ಮತ್ತು ಸ್ವೋರ್ಡ್ ಫರ್ನ್, ಹೀಗೆ. ಹೊರಗಿನಿಂದ ಬಂದ ಇಂಗ್ಲಿಷ್ ಐವಿ ಮತ್ತು ಹಿಮಾಲಯನ್ ಬ್ಲ್ಯಾಕ್‌ಬೆರಿಗಳನ್ನು ತಪ್ಪದೆ ಬರೆದುಕೊಳ್ಳಿ. ಅವು ಎಳೆಯ ಸಸಿಗಳು ಏಳದಂತೆ ಮಾಡಿ ಕಾಡಿನ ಮುಂದಿನ ತಲೆಮಾರನ್ನೇ ಇಲ್ಲವಾಗಿಸುತ್ತವೆ. ಆದರೂ ಕಡಿದಾದ ಧರೆಯಲ್ಲಿ ಅವನ್ನು ಒಮ್ಮೆಲೇ ಕಿತ್ತು ಮಣ್ಣನ್ನು ಬತ್ತಲೆ ಮಾಡಬಾರದು. ಧರೆಯ ಮೇಲೆ ಮನೆ ಇರುವವರು ಕಡಲು ಚೆನ್ನಾಗಿ ಕಾಣಲೆಂದು ಮರ ಕಡಿಸುವುದುಂಟು. ಕಡಿದ ಮರದ ಬೇರು ಕೆಲವೇ ವರ್ಷಗಳಲ್ಲಿ ಕೊಳೆತು ಮಣ್ಣಿನ ಮೇಲಿನ ಹಿಡಿತ ಬಿಡುತ್ತದೆ. ಸೂರಿನ ನೀರನ್ನು ಅಂಚಿನಿಂದ ಕೆಳಕ್ಕೆ ಹರಿಯಬಿಡುವುದೂ ಅಷ್ಟೇ ಅಪಾಯದ ಕೆಲಸ.

ಮನೆ, ರಸ್ತೆ, ರೈಲು ಇಲ್ಲದ ಕಡೆ ಧರೆ ಕುಸಿದರೆ ಅದನ್ನು ಹಾನಿಯೆಂದು ನಾನು ಎಣಿಸುವುದಿಲ್ಲ. ಜಾರಿದ ಮರಳು ಮತ್ತು ಜಲ್ಲಿಯೇ ಇಲ್ಲಿನ ತೀರಗಳನ್ನು ತುಂಬುತ್ತದೆ. ಆ ಜಲ್ಲಿಯಲ್ಲಿ ಸರ್ಫ್ ಸ್ಮೆಲ್ಟ್ ಮೀನು ಮೊಟ್ಟೆಯಿಡುತ್ತದೆ, ಅಂಚಿನಿಂದ ಚಾಚಿದ ಮರಗಳ ನೆರಳು ಆ ಮೊಟ್ಟೆಗಳು ಒಣಗದಂತೆ ಕಾಯುತ್ತದೆ. ಆದ್ದರಿಂದ ಪ್ರತಿ ಮಳೆಗಾಲ ಕಳೆದ ಮೇಲೆ ಒಂದೇ ಜಾಗದಲ್ಲಿ ನಿಂತು, ಒಂದೇ ಕೋನದಿಂದ ಫೋಟೋ ತೆಗೆದಿಡಿ. ಹೊಸ ಬತ್ತಲೆ ಪಟ್ಟಿ ಕಂಡ ದಿನಾಂಕವನ್ನು ಬರೆದಿಟ್ಟುಕೊಂಡರೆ, ಅಲ್ಲಿ ಮುಂದೆ ಏಳುವ ಆಲ್ಡರ್‌ಗಳ ವಯಸ್ಸನ್ನು ಆ ದಿನದಿಂದಲೇ ಎಣಿಸಬಹುದು.