ಸಭೆಯ ಕ್ಯಾಮೆರಾ ಯಾವಾಗ ಆಫ್ ಆಗಬೇಕು?

ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಯೂಟ್ಯೂಬ್ ಚಾನೆಲ್, ಫೇಸ್‌ಬುಕ್ ಪೇಜು, ವಾಟ್ಸ್‌ಆ್ಯಪ್ ಗ್ರೂಪು ಮೂರನ್ನೂ ನೋಡಿಕೊಳ್ಳುವುದು ನಾನು. 2020ರಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಮೈಮೇಲೆ ಬಿದ್ದ ಕೆಲಸ, ಇವತ್ತಿಗೂ ಇಳಿದಿಲ್ಲ.

ಸೌಂಡ್ ವಿಷಯ ಮೊದಲು ಹೇಳಿಬಿಡುತ್ತೇನೆ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಸೌಂಡ್ ಮಿಕ್ಸರ್‌ನಿಂದ ನೇರವಾಗಿ ಲೈನ್ ತೆಗೆದುಕೊಂಡರೆ ಪ್ರಸಂಗ, ಅಂದರೆ ಪಾಸ್ಟರ್ ಮಾಡುವ ಬೋಧನೆ, ಸ್ಪಷ್ಟವಾಗಿ ಬರುತ್ತದೆ. ಆದರೆ ಸಭೆಯವರು ಹಾಡುವುದು ಕೇಳುವುದೇ ಇಲ್ಲ, ಪಾಸ್ಟರ್ ಖಾಲಿ ಕೋಣೆಯಲ್ಲಿ ಒಬ್ಬರೇ ಹಾಡುತ್ತಿರುವ ಹಾಗೆ ಇರುತ್ತದೆ. ಅದಕ್ಕೆ ಜನರ ಕಡೆ ತಿರುಗಿಸಿ ಇನ್ನೊಂದು ಮೈಕ್ ಇಟ್ಟು, ಅದರ ವಾಲ್ಯೂಮ್ ಕಮ್ಮಿ ಮಾಡಿ ಸೇರಿಸುತ್ತೇನೆ. ಮಕ್ಕಳ ಅಳು, ಕೆಮ್ಮು ಎಲ್ಲಾ ಬರುತ್ತದೆ. ಬರಲಿ ಬಿಡಿ.

ಹಾಡಿಗೆ ಕಾಪಿರೈಟ್ ತಕರಾರು ಬರುವುದು ಮಾಮೂಲು. ‘ಅಮೇಜಿಂಗ್ ಗ್ರೇಸ್’ ಅಚ್ಚಾಗಿದ್ದು 1779ರಲ್ಲಿ, ಅದು ಯಾರ ಹಕ್ಕಿನಲ್ಲೂ ಇಲ್ಲ. ಆದರೆ ಬೇರೆಯವರು ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿದರೆ ಆ ರೆಕಾರ್ಡಿಂಗ್ ಅವರದ್ದು. ಅದಕ್ಕೇ ನಾವೇ ಹಾಡುತ್ತೇವೆ. ಹೊಸ ಹಾಡುಗಳಿಗೆ ನೇರಪ್ರಸಾರದ ಅನುಮತಿಯನ್ನು ಬೇರೆಯೇ ನೋಡಿಕೊಳ್ಳಬೇಕು. ಚರ್ಚಿನೊಳಗೆ ಹಾಡಬಹುದು ಅಂದಮಾತ್ರಕ್ಕೆ ನೆಟ್ಟಿನಲ್ಲೂ ಹಾಕಬಹುದು ಅಂತಲ್ಲ.

ಇವೆಲ್ಲ ಯಾರು ಬೇಕಾದರೂ ಕಲಿಯಬಹುದಾದ ಕೆಲಸ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಯಾವುದನ್ನು ತೋರಿಸಬಾರದು ಅನ್ನುವುದು.

ಪ್ರಾರ್ಥನೆ ವಿಷಯಗಳನ್ನೇ ನೋಡಿ. ಆರಾಧನೆಯ ಮಧ್ಯೆ ಹೆಸರು ಹಿಡಿದು ‘ಈ ಸಹೋದರಿಗೆ ನಾಳೆ ಆಪರೇಷನ್, ಈ ಸಹೋದರನ ಕೆಲಸ ಹೋಗಿದೆ’ ಅಂತ ಹೇಳುವುದು ಎಲ್ಲ ಸಭೆಗಳಲ್ಲೂ ಇದೆ. ಎದುರಿಗೆ ಕೂತವರು ನಮ್ಮವರು, ಪರವಾಗಿಲ್ಲ. ಅದೇ ಮಾತು ನೇರಪ್ರಸಾರದಲ್ಲಿ ಹೋದರೆ ಯಾರು ಕೇಳುತ್ತಾರೋ ಗೊತ್ತಿಲ್ಲ, ವಿಡಿಯೋ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಇದನ್ನು ಪ್ರಸಾರದಿಂದ ಹೊರಗಿಡೋಣ ಅಂದೆ. ಪಾಸ್ಟರ್ ಒಪ್ಪಿದರು, ಹಿರಿಯರೊಬ್ಬರು ಒಪ್ಪಲಿಲ್ಲ. “ದೇವರ ಮುಂದೆ ಮುಚ್ಚುಮರೆ ಯಾಕಪ್ಪಾ?” ಅಂದರು. “ದೇವರಿಗೆ ಗೊತ್ತಿದೆ ಅಂಕಲ್. ಅವರ ಆಫೀಸಿನವರಿಗೂ ಗೊತ್ತಾಗಬೇಕಾ?” ಅಂದೆ. ಈಗ ಪ್ರಸಂಗ, ಆಶೀರ್ವಾದ ಮುಗಿದ ಮೇಲೆ ಪ್ರಸಾರ ನಿಲ್ಲಿಸುತ್ತೇವೆ. ಪ್ರಾರ್ಥನೆ ವಿಷಯಗಳು ಆಮೇಲೆ.

ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಇನ್ನೂ ಸೂಕ್ಷ್ಮ. ಹೊಸದಾಗಿ ನಂಬಿದವರಲ್ಲಿ ಕೆಲವರ ಮನೆಯಲ್ಲಿ ವಿಷಯ ಗೊತ್ತಿರುವುದಿಲ್ಲ. ಅದನ್ನು ಹೇಳುವುದು ಅವರ ಕೆಲಸ, ನಮ್ಮ ಪೇಜಿನದ್ದಲ್ಲ. ವಿಡಿಯೋ ಹಾಕಬಹುದಾ ಅಂತ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳುತ್ತೇನೆ. ಹತ್ತು ಜನರ ಮುಂದೆ ಕೇಳಿದರೆ ಬೇಡ ಅನ್ನಲು ಬಾಯಿ ಬರುವುದಿಲ್ಲ, ಅಲ್ವಾ? ಸಂಡೇಸ್ಕೂಲ್ ಮಕ್ಕಳ ಮುಖವಂತೂ ತಂದೆತಾಯಿ ಬರೆದು ಕೊಡದೆ ಹಾಕುವುದಿಲ್ಲ.

ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದನ್ನು, ನೆಟ್ಟಿನಲ್ಲಿ ಮಾಡುವ ಬಗ್ಗೆ ಸಭೆಸಭೆಗೂ ನಿಲುವು ಬೇರೆ. ವ್ಯಾಟಿಕನ್ 2002ರಲ್ಲಿ ಹೊರಡಿಸಿದ ಪತ್ರದಲ್ಲಿ ಇಂಟರ್ನೆಟ್‌ನಲ್ಲಿ ಸಂಸ್ಕಾರಗಳಿಲ್ಲ (ದೀಕ್ಷಾಸ್ನಾನ, ಕರ್ತನ ಭೋಜನದಂಥ ಪವಿತ್ರ ವಿಧಿಗಳಿಲ್ಲ) ಎಂದು ಖಡಾಖಂಡಿತವಾಗಿ ಹೇಳಿದೆ. ನಾವು ಕ್ಯಾಥೊಲಿಕರಲ್ಲ, ಆದರೂ ಈ ವಿಷಯದಲ್ಲಿ ನನ್ನ ಮನಸ್ಸು ಅದರ ಕಡೆಗೇ ಇದೆ. ರೊಟ್ಟಿ ಮುರಿಯುವಾಗ ಕ್ಯಾಮೆರಾ ದೂರದಿಂದಲೇ ನೋಡುತ್ತದೆ, ಯಾರ ಮುಖಕ್ಕೂ ಹತ್ತಿರ ಹೋಗುವುದಿಲ್ಲ.

ಇನ್ನು ಶಾರ್ಟ್ಸ್. ನಲವತ್ತು ನಿಮಿಷದ ಪ್ರಸಂಗದಿಂದ ಒಂದು ನಿಮಿಷ ಕತ್ತರಿಸುವಾಗ ಕೈ ತಾನಾಗಿ ಖಾರದ ಮಾತಿನ ಕಡೆ ಹೋಗುತ್ತದೆ, ಓಡುವುದು ಅದೇ. ಆದರೆ ಹಿಂದೆಮುಂದೆ ಇಲ್ಲದೆ ಕೇಳಿದಾಗ ಬೋಧಕರು ಹೇಳದೇ ಇದ್ದ ಅರ್ಥ ಬರುತ್ತದೆ. ಆದ್ದರಿಂದ ಒಂದು ವಿಚಾರ ಪೂರ್ತಿಯಾಗುವ ಕಡೆಯೇ ಕತ್ತರಿಸುತ್ತೇನೆ, ಹಾಕುವ ಮೊದಲು ಅವರಿಗೇ ತೋರಿಸುತ್ತೇನೆ. ಬೇರೆ ಧರ್ಮದವರ ನಂಬಿಕೆಯ ಬಗ್ಗೆ ಇರುವ ಮಾತನ್ನು ಶಾರ್ಟ್ಸ್ ಮಾಡಿ ಹಾಕುವುದೇ ಇಲ್ಲ. ‘ಏಳು ಜನರಿಗೆ ಕಳಿಸಿ, ಅದ್ಭುತ ನಡೆಯುತ್ತೆ’ ಅನ್ನುವ ಮೆಸೇಜುಗಳಿಗೆ ನಮ್ಮ ಗ್ರೂಪಿನಲ್ಲಿ ಜಾಗವಿಲ್ಲ. ಅದು ನಂಬಿಕೆಯಲ್ಲ, ಹೆದರಿಸುವುದು.

ಕಾಮೆಂಟುಗಳಲ್ಲಿ ವಾದಕ್ಕಿಳಿಯುವ ನಮ್ಮ ಹುಡುಗರು ಬೈಬಲಿನ ಪೇತ್ರನ ಮೊದಲ ಪತ್ರ 3:15 ಹೇಳುತ್ತಾರೆ: ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕು ಅಂತ. ಅದೇ ಮಾತಿನ ಜೊತೆಗೇ ಸೌಮ್ಯವಾಗಿ ಹೇಳಿ ಅಂತಲೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನಾನು ಒಂದು ಸಲ ಉತ್ತರ ಕೊಡುತ್ತೇನೆ, ಮುಂದಿನ ಮಾತಿಗೆ ಇನ್‌ಬಾಕ್ಸ್‌ಗೆ ಕರೆಯುತ್ತೇನೆ. ಬೈಗುಳ ಇದ್ದರೆ, ಯಾರದ್ದಾದರೂ ಫೋನ್ ನಂಬರ್ ಇದ್ದರೆ ಅಳಿಸುತ್ತೇನೆ. ಪ್ರಶ್ನೆ ಎಷ್ಟೇ ಚುಚ್ಚಿದರೂ ಅಳಿಸುವುದಿಲ್ಲ.

ನಿಜವಾಗಿ ಇನ್‌ಬಾಕ್ಸ್‌ಗೆ ಬರುವವರು ಕೇಳುವುದು ತ್ರಿಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ನಂಬಿಕೆಯ) ಬಗ್ಗೆ ಅಲ್ಲ. ಆರಾಧನೆ ಎಷ್ಟು ಗಂಟೆಗೆ? ಕ್ರೈಸ್ತರಲ್ಲದವರು ಬರಬಹುದಾ? ಕಾಣಿಕೆ ಹಾಕಲೇಬೇಕಾ? ಸುಮ್ನೆ ಹಿಂದೆ ಕೂತು ಎದ್ದು ಹೋದರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರಾ? ಈ ನಾಲ್ಕಕ್ಕೂ ಉತ್ತರ ಬರೆದು ಪೇಜಿನ ತಲೆಯಲ್ಲೇ ಪಿನ್ ಮಾಡಿದ್ದೇನೆ. ಪ್ರಸಂಗದ ವಿಡಿಯೋಗಳಿಗಿಂತ ಅದನ್ನೇ ಜಾಸ್ತಿ ಜನ ಓದುತ್ತಾರೆ.